ಚಿಪ್ಪಿನೊಳಗಿನ ನಲವತ್ತು ಮಾತು

ವರ್ಕ್‌ಶಾಪಿನಲ್ಲಿ ಎಲ್ಲರೂ ಅವಳನ್ನು ಬೋರ್ಡಕ್ಕ ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಸರ್ಕ್ಯೂಟ್ ಬೋರ್ಡುಗಳನ್ನು ಎಬ್ಬಿಸಿ ಓಡಿಸಿದ ಕೈ. ಕೆಲಸದಲ್ಲಿ ಎತ್ತಿದ ಕೈ ಅನ್ನಿ, ಹಟದಲ್ಲಿ ಮಾತ್ರ ಉಡದ ಪಟ್ಟು.

ಬೋರ್ಡಿಗೆ ಕರೆಂಟು ಬಂದ ಕೂಡಲೇ ಎಲ್ಲಕ್ಕಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಮಿಗೆ ಬೂಟ್‌ಲೋಡರ್ ಅಂತಾರೆ. ಮುಂದೇನು ಮಾಡಬೇಕು ಅಂತ ಅದು ಮೊದಲು ಬೋರ್ಡಿಗೆ ಸಿಕ್ಕಿಸಿದ ಮೆಮೊರಿ ಕಾರ್ಡಿನಲ್ಲಿರುವ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಓದುತ್ತದೆ. ಅದು ಸಿಗದಿದ್ದರೆ ಚಿಪ್ಪಿನೊಳಗೇ ಬರೆದಿಟ್ಟ ಡೀಫಾಲ್ಟಿನಂತೆ ನಡೆಯುತ್ತದೆ. ಬೋರ್ಡಕ್ಕ ಸ್ಕ್ರಿಪ್ಟಿನ ಕಡೆಯವಳು. ಬೇಕಾದಾಗ ತಿದ್ದಬಹುದು, ಚಿಪ್ಪಿನ ತಂಟೆಗೇ ಹೋಗಬೇಕಿಲ್ಲ. ಕಾರ್ಡು ಕೈಕೊಟ್ಟ ದಿನ ಏನಮ್ಮಾ ಮಾಡ್ತೀಯ ಅಂತ ವರ್ಕ್‌ಶಾಪಿನ ಹಿರಿಯರು ಕೇಳಿದರೆ, ನನ್ನ ಕಾರ್ಡು ಕೈಕೊಡಲ್ಲ ಸಾರ್ ಅನ್ನುವಳು. ಹಾಗಂದು, ಪರೀಕ್ಷೆಗೆಂದು ಡೀಫಾಲ್ಟಿನಲ್ಲಿ ತುಂಬಿದ್ದನ್ನು ಹಾಗೇ ಬಿಟ್ಟುಬಿಡುವಳು. ದೀಪದ ಬುಡದಲ್ಲೇ ಕತ್ತಲೆ, ನೋಡಿ.

ಅವಳ ಗಂಡ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವನು. ಬಾಯಿ ತೆರೆದರೆ ಮುಚ್ಚುವವನಲ್ಲ. ಅಂಥವನ ದನಿ ಗಂಟಲಿನ ಆಪರೇಷನ್ನಿನಲ್ಲಿ ಹೋಯಿತು. ಎರಡು ವರ್ಷ ಅವನ ಪರವಾಗಿ ಅವಳೇ ಮಾತಾಡಿದಳು, ಔಷಧಿ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮಗಳ ಫೋನಿನಲ್ಲಿ ನಿಮ್ಮಪ್ಪ ಹೀಗಂತಿದಾರೆ ಕಣೇ ಅಂತ. ಆಮೇಲೆ ನಿಲ್ದಾಣದ ಹಳೇ ಟೇಪುಗಳಿಂದ ಅವನ ದನಿಯನ್ನು ಚೂರುಚೂರಾಗಿ ಹೆಕ್ಕಿ, ಟೈಪ್ ಮಾಡಿದ್ದನ್ನು ಅದೇ ದನಿಯಲ್ಲಿ ನುಡಿಯುವ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟಳು. ದನಿ, ಸ್ಕ್ರಿಪ್ಟು ಎರಡೂ ಅದರ ಕಾರ್ಡಿನಲ್ಲಿದ್ದವು. ಅದರಿಂದ ಅವನು ಆಡಿಸಿದ ಮೊದಲ ಮಾತು, ಇವತ್ತು ಅಡುಗೆಗೆ ಉಪ್ಪು ಜಾಸ್ತಿ. ಬೋರ್ಡಕ್ಕ ಒಲೆಯ ಮುಂದೆ ನಿಂತು ಅತ್ತಳು, ಸಂತೋಷಕ್ಕೆ.

ಹೋದ ವಾರ ಅವನು ಡಾಕ್ಟರ ಹತ್ತಿರ ಒಬ್ಬನೇ ಹೋದ. ನಾನೇನು ಚಿಕ್ಕ ಮಗುವಾ ಅಂತ ಪೆಟ್ಟಿಗೆಯಿಂದಲೇ ಹೆಂಡತಿಯನ್ನು ಗದರಿಸಿ ಹೋದ. ಚೀಲದಲ್ಲಿ ಅಲ್ಲಾಡಿ ಕಾರ್ಡು ಜಾರಿತ್ತು. ಎಲ್ಲಿ ನೋವು ಅಂತ ಡಾಕ್ಟರು ಕೇಳಿದಾಗ ಅವನು ಟೈಪ್ ಮಾಡಿ ಗುಂಡಿ ಒತ್ತಿದ. ಪೆಟ್ಟಿಗೆ ಯಾರದೋ ದನಿಯಲ್ಲಿ, ಪರೀಕ್ಷೆ, ಒಂದು, ಎರಡು, ಮೂರು ಅಂದಿತು. ಮತ್ತೆ ಒತ್ತಿದ, ಮತ್ತೆ ಅದೇ. ಬಾಗಿಲಲ್ಲಿ ಕಾಯುತ್ತಿದ್ದವರು ನಕ್ಕರು. ಡಾಕ್ಟರು ಕಾಗದ ಕೊಟ್ಟರೂ ಬರೆಯದೆ, ನೋವನ್ನು ಹೇಳದೆಯೇ ಎದ್ದುಬಂದ. ಆವತ್ತಿನಿಂದ ಹೊಸಿಲು ದಾಟಲಿಲ್ಲ. ನೋವು ಹಾಗೇ ಇತ್ತು.

ತಪ್ಪು ಪೆಟ್ಟಿಗೆಯದಲ್ಲ, ತನ್ನದು ಅಂತ ಬೋರ್ಡಕ್ಕನಿಗೆ ಗೊತ್ತು. ಚಿಪ್ಪಿನಲ್ಲಿ ಜಾಗ ಅಂಗೈಯಗಲ, ಹೆಚ್ಚೆಂದರೆ ನಲವತ್ತು ಚಿಕ್ಕ ಮಾತು ಹಿಡಿದೀತು. ಕಾರ್ಡು ಇಲ್ಲದಿದ್ದರೂ ಅಂಕಿ ಒತ್ತಿದರೆ ಸಾಕು, ಆ ಮಾತು ಬರುವಂತೆ ಡೀಫಾಲ್ಟನ್ನು ಹೊಸದಾಗಿ ಬರೆದಳು. ಯಾವ ನಲವತ್ತು ಬೇಕೋ ನೀವೇ ಆರಿಸಿ, ಟೇಪಿನಿಂದ ನಿಮ್ಮ ದನಿಯಲ್ಲೇ ಹಾಕ್ತೀನಿ ಅಂದಳು.

ಅವನು ಎರಡು ದಿನ ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಪಟ್ಟಿ ಕೈಗಿಟ್ಟು, ಪೆಟ್ಟಿಗೆಯಲ್ಲಿ ನಿಧಾನಕ್ಕೆ ಟೈಪ್ ಮಾಡಿದ.

"ಟೇಪು ಬೇಡ. ನಿನ್ನ ದನಿ ಹಾಕು."

"ಯಾಕ್ರೀ? ಜನ ನಗಲ್ವಾ?"

"ನನ್ನ ದನಿ ಕೈಕೊಟ್ಟಾಗ ಮಾತಾಡಿದ್ದು ನೀನೇ ತಾನೆ?"

ಅವಳು ಮೈಕು ಹತ್ತಿರಕ್ಕೆ ಎಳೆದುಕೊಂಡಳು. ನೋವು ಎಡಗಡೆ. ನೀರು ಕೊಡಿ. ಗಾಬರಿ ಬೇಡ. ಸ್ವಲ್ಪ ಸರಿದು ಕೂತ್ಕೊಳ್ಳಿ. ಒಂದೊಂದಾಗಿ ಓದುತ್ತಾ ಬಂದಳು. ಕೊನೆಯದು, ನಿಂದು ಊಟ ಆಯ್ತಾ. ಅದನ್ನು ಓದಿ ಮುಗಿಸಿದವಳೇ, ಯೋಚನೆಯಿಲ್ಲದೆ, ಇಲ್ಲ ರೀ ಅಂದುಬಿಟ್ಟಳು. ಅದೂ ರೆಕಾರ್ಡ್ ಆಯಿತು. ಅಳಿಸಲು ಹೋದರೆ ಅವನು ಅವಳ ಕೈ ಹಿಡಿದು ನಿಲ್ಲಿಸಿದ. ಇಬ್ಬರೂ ಎದ್ದು ಊಟಕ್ಕೆ ಕೂತರು.

ಮರುದಿನ ಬೆಳಗ್ಗೆ ಅವನು ಅಂಗಿ ಹಾಕಿಕೊಂಡು, ಪೆಟ್ಟಿಗೆ ಹಿಡಿದು ಡಾಕ್ಟರ ಹತ್ತಿರ ಹೊರಟ. ಬೋರ್ಡಕ್ಕ ಹಿಂದೆಯೇ ಬಂದು, ಕಾರ್ಡು ಗಟ್ಟಿಯಾಗಿ ಕೂತಿದೆಯಾ ಒಂದ್ಸಲ ನೋಡ್ಕೊಳ್ಳಿ ಅಂದಳು. ಅವನು ನೋಡಿದ. ಉಗುರಿನಿಂದ ಕಾರ್ಡನ್ನು ಹೊರಗೆಳೆದು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳು ಮಡಚಿ, ಹೊಸಿಲು ದಾಟಿದ.