ಜುಮ್ಮೆನ್ನುವ ಹಂಡೆಯ ಮೇಲೆ ಜಾನಕೀಬಾಯಿಯ ದಂಡಯಾತ್ರೆ

ಕಲಬುರಗಿಯ ಬ್ರಹ್ಮಪುರದಲ್ಲಿ ಜಾನಕೀಬಾಯಿ ಯಾರ ಮನೆಗೆ ಹೋದರೂ ಮೊದಲು ದೇವರಿಗೆ ಕೈಮುಗಿಯುತ್ತಾರೆ, ಆಮೇಲೆ ಗೋಡೆಯ ಮೇಲಿನ ಕರೆಂಟಿನ ಬೋರ್ಡಿನ ಕಡೆ ತಿರುಗುತ್ತಾರೆ. ದೇವರು ಬೇಗ ಪಾರಾಗುತ್ತಾನೆ, ಬೋರ್ಡು ಪಾರಾಗುವುದಿಲ್ಲ. ಕುಂಕುಮದ ಕರಡಿಗೆ ಇರುವ ಕೈಚೀಲದಲ್ಲೇ ಅವರ ಟೆಸ್ಟರ್ ಕೂಡ ಇರುತ್ತದೆ. ಅದು ಹೊರಬಂತೆಂದರೆ ಮನೆಯ ಯಜಮಾನನ ಮುಖ, ನಕಲು ಚೀಟಿ ಸಮೇತ ಸಿಕ್ಕಿಬಿದ್ದವನ ಮುಖವಾಗುತ್ತದೆ.

"ಏನ್ರೀ, ಈ ಸಾಕೆಟ್ಟಿನ ಮೂತಿ ಯಾಕ ಕರ್ರಗಾಗ್ಯದ?"

"ಮೊದಲಿನಿಂದ ಹಂಗೇ ಅದರೀ."

"ಹಂಗೇ ಇದ್ದಿದ್ರ ಅಂಗಡಿಯವ ಕರೀದೇ ಮಾರತಿದ್ದ. ಒಳಗ ಸಡಿಲಾಗಿ ಕಿಡಿ ಹಾರಲಿಕ್ಕತ್ತಾವ. ಇದರ ಮ್ಯಾಲೆ ಫ್ರಿಜ್ಜೂ ಕೂಲರ್ರೂ ಇಸ್ತ್ರೀನೂ ಒಟ್ಟಿಗೇ ಹೇರೀರಿ. ಬಡವನ ಕತ್ತೀ ಬೆನ್ನ ಮ್ಯಾಲೂ ಇಷ್ಟು ಯಾರೂ ಹೇರಂಗಿಲ್ಲ."

ಚಹಾ ಬರುವುದು ಈ ತೀರ್ಪಿನ ನಂತರ. ವೈರು ಹಿಡಿದು ಪ್ಲಗ್ ಎಳೆಯುವವರನ್ನು ಕಂಡರೆ ಅವರು ಚಹಾ ಕೂಡ ಕುಡಿಯದೆ ಏಳುತ್ತಾರೆ. ಗಂಡ ಬಂಡೂರಾಯರಿಗೆ ಇದರ ಬಗ್ಗೆ ಒಂದೇ ಕೊರಗು. "ಪ್ಲಗ್ಗಿನ ಮ್ಯಾಲೆ ಇಟ್ಟ ಕಣ್ಣಿನಾಗ ಅರ್ಧಾ ನನ್ನ ಮ್ಯಾಲೆ ಇಟ್ಟಿದ್ರ ನಾ ಸುಧಾರಸ್ತಿದ್ದೆ." ಜಾನಕೀಬಾಯಿಯ ಉತ್ತರವೂ ಒಂದೇ. "ನಿಮ್ಮ ಕಡಿಂದ ಯಾರಿಗೂ ಅಪಾಯ ಇಲ್ಲ ಬಿಡ್ರಿ."

ಈ ಮಹಾವಿದ್ಯೆಗೆ ಗುರು ಮೋಮಿನಪುರದ ಸಿಕಂದರ್. ಒಂದು ಮುಂಜಾನೆ ಜಾನಕೀಬಾಯಿಗೆ ಅವರದೇ ಮಿಕ್ಸರ್ ಝಾಡಿಸಿ ಒದೆಯಿತು. ರಿಪೇರಿಗೆ ಬಂದ ಸಿಕಂದರ್ ಪ್ಲಗ್ ಬದಲಿಸಿ ಹೊರಡಲು ನೋಡಿದ. ಬಾಯಿ ಬಾಗಿಲಿಗೆ ಅಡ್ಡ ನಿಂತರು. ತಮ್ಮ ಮನೆಯಲ್ಲಿ ತಮಗೆ ಒದ್ದದ್ದು ಯಾರು, ಯಾಕೆ ಎಂಬುದು ತಿಳಿಯದೆ ಅವನನ್ನು ಬಿಡುವ ಹಾಗಿರಲಿಲ್ಲ.

"ಬಾಯಾರ, ಕೆಳಗಿನ ಎರಡು ತೂತಿನಾಗ ಒಂದರಿಂದ ಕರೆಂಟ್ ಬರ್ತದ, ಇನ್ನೊಂದರಿಂದ ವಾಪಸ್ ಹೋಗ್ತದ. ಮ್ಯಾಲಿನ ದಪ್ಪಂದು ಅರ್ಥಿಂಗ್. ಅದಕ್ಕ ದಿನಾ ಏನೂ ಕೆಲಸಾ ಇಲ್ಲ."

"ಕೆಲಸಾ ಇಲ್ಲಂದ್ರ ಯಾಕ ಇಟ್ಟಾರ?"

"ವೈರ್ ಒಳಗ ಹರದು ಕರೆಂಟ್ ಹಾದಿ ಬಿಟ್ಟು ಮಿಕ್ಸರಿನ ಮೈಗೆ ಹತ್ತಿತಂದ್ರ, ಇದು ಹಿಡಕೊಂಡು ಸೀದಾ ಜಮೀನಿಗೆ ಇಳಸ್ತದ. ಇದು ಇಲ್ಲಂದ್ರ ನಿಮ್ಮ ಮೈಯಾಗಿಂದ ಇಳೀತದ. ಅದಕ್ಕೇ ಪ್ಲಗ್ಗಿನಾಗ ಇದರ ಪಿನ್ ಉದ್ದ ಮಾಡ್ಯಾರ. ಮೊದಲು ಒಳಗ ಹೋಗ್ತದ, ಕಡೀಕ ಹೊರಗ ಬರ್ತದ."

ಜಾನಕೀಬಾಯಿಯ ಮುಖ ಬೆಳಗಿತು. "ಅಂದ್ರ ಲಗ್ನದ ಮನ್ಯಾಗಿನ ದೊಡ್ಡಪ್ಪ! ಎಲ್ಲಾರಕಿಂತ ಮೊದಲು ಬರ್ತಾನ, ಕಡೀಕ ಹೋಗ್ತಾನ, ನಡೂಕ ಕುರ್ಚಿ ಬಿಟ್ಟು ಏಳಂಗಿಲ್ಲ. ಬೀಗರು ಜಗಳಾ ತಗದ್ರ ಮಾತ್ರ ಅವನೇ ಬೇಕು."

"ಬರೋಬ್ಬರಿ ಬಾಯಾರ. ಜನ ಆ ದೊಡ್ಡಪ್ಪನ್ನೇ ಗರಗಸದಿಂದ ಕೊಯ್ದು ಒಗೀತಾರ. ಎರಡು ತೂತಿನ ಬೋರ್ಡಿಗೆ ಪ್ಲಗ್ ಕೂಡಂಗಿಲ್ಲಂತ."

ಅಂದಿನಿಂದ ಜಾನಕೀಬಾಯಿ ಯುದ್ಧ ಸಾರಿದರು. ಬ್ರಹ್ಮಪುರ ಶರಣಾಯಿತು. ಸ್ಟೇಶನ್ ಬಜಾರದ ಅಂಗಡಿಯವರು ಅವರನ್ನು ದೂರದಿಂದ ಕಂಡೇ ಅಗ್ಗದ ಪ್ಲಗ್ಗುಗಳನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಸರಿಸಲು ಕಲಿತರು. ಗೆಲ್ಲದೆ ಉಳಿದದ್ದು ಒಂದೇ ಕೋಟೆ, ಅದೂ ಸ್ವಂತ ತವರುಮನೆ. ಕಮಲಾಪುರದಲ್ಲಿ ತಮ್ಮ ವಿಜಯೀಂದ್ರ ಪೌರೋಹಿತ್ಯ ಮಾಡಿಕೊಂಡಿದ್ದಾನೆ. ಅಕ್ಕನ ಮೇಲೆ ಅವನಿಗೆ ಅಪಾರ ಪ್ರೀತಿ, ಅಕ್ಕನ ಟೆಸ್ಟರಿನ ಮೇಲೆ ಇಲ್ಲ. "ತವರಿಗೆ ಬಂದೀದಿ, ಉಂಡು ಹೋಗು. ರಿಪೇರಿ ಮಾಡಬ್ಯಾಡ" ಎಂದು ಹೊಸ್ತಿಲಲ್ಲೇ ಹೇಳಿಬಿಡುತ್ತಿದ್ದ. ತಂದೆಯ ಶ್ರಾದ್ಧಕ್ಕೆಂದು ಈ ಸಲ ಪುಷ್ಯ ಮಾಸದ ಚಳಿಯಲ್ಲಿ ಬಂದಾಗಲೂ ಹಾಗೆಯೇ ಹೇಳಿದ. ಜಾನಕೀಬಾಯಿ ಚೀಲದ ಬಾಯಿ ಬಿಗಿದು ಒಳಗೆ ಬಂದರು.

ಮರುದಿನ ಬೆಳಗಿನ ಜಾವ ತಮ್ಮನ ಹೆಂಡತಿ ಶುಭದಾ ಎಲ್ಲರಿಗಿಂತ ಮೊದಲು ಸ್ನಾನ ಮಾಡಬೇಕಿತ್ತು. ಮಡಿಯಲ್ಲಿ ಅಡುಗೆ ಮಾಡುವವಳು ಅವಳು. ಬಚ್ಚಲಲ್ಲಿ ಶಹಾಬಾದ ಕಲ್ಲಿನ ಒದ್ದೆ ನೆಲ. ಅದರ ಮೇಲೆ ಅಜ್ಜಿಯ ಕಾಲದ ತಾಮ್ರದ ಹಂಡೆ. ಪ್ಲಾಸ್ಟಿಕ್ ಬಕೆಟ್ಟು ಆ ಮನೆಯ ಮಡಿಗೆ ಬರುವುದಿಲ್ಲ, ಹಾಗಾಗಿ ನೀರು ಕಾಯಿಸುವ ರಾಡನ್ನು ಹಂಡೆಯ ಬಾಯಿಗೆ ಅಡ್ಡ ಇಟ್ಟ ಕಟ್ಟಿಗೆಯಿಂದ ಇಳಿಬಿಟ್ಟಿದ್ದರು. ಶುಭದಾ ಹಂಡೆಯ ಕಂಠವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು.

"ಇನ್ನೂ ಜುಮ್ ಅನವಲ್ತು ಅಕ್ಕಾ. ಸ್ವಲ್ಪ ತಡೀಬೇಕು."

"ಏನು ಅನವಲ್ತು?"

"ನೀರು ಕಾದ್ರ ಹಂಡೆ ಜುಮ್ ಅಂತದಲ್ರೀ. ಇವರೇ ಕಲಿಸ್ಯಾರ."

ಆ ಮನೆಯಲ್ಲಿ ಕರೆಂಟಿನ ಹೊಡೆತವೇ ನೀರಿನ ಬಿಸಿ ಅಳೆಯುವ ಯಂತ್ರ! ಜಾನಕೀಬಾಯಿಯ ಕಣ್ಣು ಹಂಡೆಯಿಂದ ವೈರಿಗೆ, ವೈರಿನಿಂದ ಗೋಡೆಗೆ ಏರಿತು. ಎರಡು ತೂತಿನ ಹಳೆಯ ಬೋರ್ಡು, ಅದರಲ್ಲಿ ತಲೆ ಕೊಯ್ಯಿಸಿಕೊಂಡ ಮೂರು ಪಿನ್ನಿನ ಪ್ಲಗ್ಗು. ಶುಭದಾ ಈ ಸಲ ಅಂಗೈಯನ್ನೇ ಚಾಚಿದಳು. ಮೆಟ್ಟಿಲು ಹತ್ತುವಾಗ ಊರಿಗೆಲ್ಲ ಕೇಳುವಂತೆ ನರಳುವ ಜಾನಕೀಬಾಯಿಯ ಮೊಣಕಾಲುಗಳು ಆ ಕ್ಷಣದಲ್ಲಿ ಕುಸ್ತಿಯ ಪೈಲವಾನನ ಮೊಣಕಾಲುಗಳಾದವು. ಶುಭದಾಳ ಸೆರಗು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಬಚ್ಚಲ ಹೊರಗಿನ ಒಣ ನೆಲದ ಮೇಲೆ ಕೂತುಬಿಟ್ಟರು.

ಸದ್ದಿಗೆ ವಿಜಯೀಂದ್ರ ಓಡಿ ಬಂದ. ಜಾನಕೀಬಾಯಿ ಎದ್ದು ಒಂದು ಮಣೆಯ ಮೇಲೆ ನಿಂತು, ಕೈ ಒರೆಸಿಕೊಂಡು, ಟೆಸ್ಟರಿನ ತುದಿಯನ್ನು ಹಂಡೆಗೆ ತಾಗಿಸಿದರು. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪದ ಕಣ್ಣು ತೆರೆಯಿತು.

"ನೋಡು. ಇವತ್ತು ಇಕಿ ಹಸೀ ಕಾಲಿನಾಗ ನಿಂತು ಇದನ್ನ ತಬ್ಬಿದ್ರ ಅಪ್ಪನ ಜೋಡಿ ಇಕಿಗೂ ಪಿಂಡಾ ಇಡ್ತಿದ್ದಿ."

"ಶ್ರಾದ್ಧದ ದಿನ ಏನು ಮಾತಾಡ್ತಿ ಅಕ್ಕಾ! ತಾಮ್ರದಾಗ ತೇಜಸ್ಸು ಇರ್ತದ, ಅದಕ್ಕ ದೀಪಾ ಹತ್ತೇದ. ಇಷ್ಟು ದಿನ ಯಾರು ಸತ್ತಾರ?"

"ಸತ್ತವರು ಹೇಳಲಿಕ್ಕ ಬರಂಗಿಲ್ಲ."

"ಆಚಾರ್ಯರು ಬರೂದ್ರೊಳಗ ಅಡಿಗಿ ಆಗಬೇಕು. ಅಡಿಗಿ ತಡಾ ಆದ್ರ ಶ್ರಾದ್ಧದ ಹೊತ್ತು ಮೀರ್ತದ. ಶುಭದಾ, ನೀ ಸ್ನಾನಾ ಮಾಡು."

ಶುಭದಾ ಒಮ್ಮೆ ಗಂಡನನ್ನೂ ಒಮ್ಮೆ ಅತ್ತೆಯಂತೆ ಗದರುವ ನಾದಿನಿಯನ್ನೂ ನೋಡಿದಳು. ಗಂಡ ಹೇಳಿದರೆ ಅವಳು ಇಳಿಯುವವಳೇ. ಸಿಕಂದರ್ ಕಲಿಸಿದ್ದೆಲ್ಲ ಇಲ್ಲಿ ನಾಟುವುದಿಲ್ಲ ಎಂದು ಜಾನಕೀಬಾಯಿಗೆ ಆಗಲೇ ಹೊಳೆದದ್ದು. ಜೀವದ ಹೆದರಿಕೆ ಈ ಮನೆಯಲ್ಲಿ ನಡೆಯದ ನಾಣ್ಯ. ನಡೆಯುವ ನಾಣ್ಯ ಬೇರೆ ಇತ್ತು.

"ಆತು ಬಿಡು. ವಿಜ್ಯಾ, ಒಂದು ಮಾತು ಹೇಳು. ಈ ಕರೆಂಟ್ ಎಲ್ಲಿಂದ ಬಂತು?"

"ಕಂಬದಿಂದ."

"ಕಂಬದ ತಂತಿ ಮತ್ತೆಲ್ಲೆಲ್ಲಿ ಹೋಗ್ತದ?"

"ಊರೆಲ್ಲಾ ಹೋಗ್ತದ."

"ಬಸ್‌ಸ್ಟ್ಯಾಂಡಿನ ಪಾಯಖಾನಿಯೊಳಗ ಒಂದು ಬಲ್ಬ್ ಹತ್ತಿರ್ತದಲ್ಲ, ಅಲ್ಲಿಗೂ?"

ವಿಜಯೀಂದ್ರ ಜನಿವಾರ ಹಿಡಿದುಕೊಂಡು ಹಂಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ವೈರಿನೊಳಗ ಇದ್ದಷ್ಟು ಹೊತ್ತು ಅದು ತನ್ನ ಪಾಡಿಗೆ ತಾ ಅದ. ಈಗ ಹಾದಿ ಬಿಟ್ಟು ನಿನ್ನ ನೀರಿಗಿಳದದ. ಪಾಯಖಾನಿಗೆ ಹೋಗಿ ಬಂದದ್ದರ ಜೋಡಿ ಮಿಂದು ಅಪ್ಪನ ಶ್ರಾದ್ಧದ ಅಡಿಗಿ ಮಾಡಬೇಕೇನು? ಇಷ್ಟು ವರ್ಷ ಮಾಡಿದ ಸಂಧ್ಯಾವಂದನಿ ಎಲ್ಲಾ ಎಲ್ಲಿ ಹೋತು, ನೀನೇ ಲೆಕ್ಕಾ ಹಾಕು."

"ನಾರಾಯಣ!" ಎಂದ ವಿಜಯೀಂದ್ರ. "ಚೆಲ್ರಿ, ಮೊದಲು ಆ ನೀರು ಚೆಲ್ರಿ!" ಎನ್ನುತ್ತ ಹಂಡೆಯನ್ನು ಉರುಳಿಸಲು ಎರಡೂ ಕೈ ಮುಂದೆ ಮಾಡಿ ನುಗ್ಗಿದ.

"ಮುಟ್ಟಬ್ಯಾಡ!"

ಬೇರೆ ಯಾವ ಊರಿನ, ಯಾವ ಮನೆಯ ಗಂಡಸಾದರೂ ಆ ವೇಗದಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ವಿಜಯೀಂದ್ರ ತೊಟ್ಟಿಲಲ್ಲಿದ್ದಾಗಿನಿಂದ ದಿನಕ್ಕೆಷ್ಟೋ ಸಲ ಈ ಒಂದು ಮಾತು ಕೇಳಿ ಬೆಳೆದವನು. ಅಜ್ಜಿ ಮಡಿಯಲ್ಲಿದ್ದಾಗ, ತಾಯಿ ಮಡಿಯಲ್ಲಿದ್ದಾಗ, ಹಪ್ಪಳ ಒಣಗುತ್ತಿದ್ದಾಗ. ಅವನ ಬುದ್ಧಿಗಿಂತ ಮೊದಲು ಕೈಗಳೇ ಆಜ್ಞೆ ಪಾಲಿಸಿದವು. ಹಂಡೆಗೆ ಒಂದು ಗೇಣು ಇರುವಾಗ ಎರಡೂ ಕೈಗಳು ಗಾಳಿಯಲ್ಲಿ ಕಲ್ಲಾದವು.

ಜಾನಕೀಬಾಯಿ ಸ್ವಿಚ್ಚು ಆರಿಸಿದರು. ಹಳೆಯ ಬೋರ್ಡಿನ ಸ್ವಿಚ್ಚನ್ನು ನಂಬಲಿಲ್ಲ. ವೈರು ಹಿಡಿಯದೆ ಪ್ಲಗ್ಗಿನ ಮೈ ಹಿಡಿದು ಅದನ್ನೂ ಕಿತ್ತರು. ಟೆಸ್ಟರಿನ ಕಣ್ಣು ಮುಚ್ಚಿತು. ಆಮೇಲೆ ನೀರು ಹಿತ್ತಲಿನ ಬಾಳೆಗೆ ಹೋಯಿತು, ಹಂಡೆ ಹುಣಸೆಹುಳಿ ಹಚ್ಚಿಸಿಕೊಂಡು ಶುದ್ಧವಾಯಿತು, ಮೂರು ಕಲ್ಲು ಹೂಡಿ ತೊಗರಿ ಕಟ್ಟಿಗೆ ಉರಿಸಿ ಹೊಸ ನೀರು ಕಾಯಿಸಿದರು. ಅಡುಗೆ ಸ್ವಲ್ಪ ತಡವಾಯಿತು. ಹಸಿದ ಆಚಾರ್ಯರು ವಡೆಗಳನ್ನು ಎಂದಿಗಿಂತ ಹೆಚ್ಚು ಹೊಗಳಿದರು.

ಮರುದಿನ ಜಾನಕೀಬಾಯಿ ಹೇಳಿ ಮಾಡಿಸಿದ ಬಂಡೂರಾಯರ ಫೋನಿಗೆ ಓಗೊಟ್ಟು ಸಿಕಂದರ್ ಬಸ್ಸಿನಿಂದಿಳಿದ. ಹಿತ್ತಲಲ್ಲಿ ಆಳದ ಗುಂಡಿ ತೋಡಿಸಿ, ತಾಮ್ರದ ತಗಡು ಇಳಿಸಿ, ಇದ್ದಿಲು ಉಪ್ಪು ತುಂಬಿ ನೀರು ಹೊಯ್ದ. ವಿಜಯೀಂದ್ರ ತುಸು ದೂರ ನಿಂತು ವಿಚಾರಣೆ ನಡೆಸಿದ.

"ಹಾದಿ ಬಿಟ್ಟ ಕರೆಂಟ್ ಇಲ್ಲಿ ಎಲ್ಲಿಗೆ ಹೋಗ್ತದ?"

"ಭೂಮಿಗೆ ರೀ ಆಚಾರ್ರ."

"ಭೂಮಿಗಿ ಮೈಲಿಗಿ ಇಲ್ಲ. ನಡೀತದ."

"ಬ್ಯಾಸಗ್ಯಾಗ ಗುಂಡಿ ಒಣಗಿದ್ರ ಕೆಲಸಾ ಮಾಡಂಗಿಲ್ಲ. ನೀರು ಹಾಕ್ತಿರಬೇಕು."

"ತುಳಸಿಗೆ ಹಾಕೂ ಮುಂದ ಇದಕ್ಕೂ ಒಂದು ತಂಬಿಗಿ" ಎಂದು ವಿಜಯೀಂದ್ರ ಅಲ್ಲೇ ಸಂಕಲ್ಪ ಮಾಡಿದ.

ಮೂರು ತೂತಿನ ಹೊಸ ಬೋರ್ಡು, ಹೊಸ ರಾಡು, ಕರೆಂಟು ಸೋರಿದ ಕೂಡಲೇ ತಾನಾಗಿ ಕೆಳಗೆ ಬಿದ್ದು ಕರೆಂಟು ಕಡಿಯುವ ಒಂದು ಸ್ವಿಚ್ಚು ಬಂದವು. ಆ ಸ್ವಿಚ್ಚು ಕೂಡಿಸುವ ಮೊದಲು ಸಿಕಂದರ್ ಬಲ್ಬಿನ ಒಂದು ವೈರನ್ನು ಕರೆಂಟಿಗೂ ಇನ್ನೊಂದನ್ನು ಹೊಸ ಅರ್ಥಿಂಗಿಗೂ ಕೊಟ್ಟ. ಬಲ್ಬು ಝಗ್ಗನೆ ಉರಿಯಿತು. ಕರೆಂಟಿಗೆ ನೆಲ ಸಿಕ್ಕಿತೆಂದು ಅದರ ಅರ್ಥ. ಸ್ವಿಚ್ಚೂ ಕೂಡಿಸಿ, ಹಂಡೆ ತುಂಬಿಸಿ ರಾಡು ಇಳಿಬಿಟ್ಟರು.

ಶುಭದಾ ಮಾತ್ರ ಬಚ್ಚಲ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಿದ್ದಳು. "ಇನ್ನ ಜುಮ್ ಅನ್ನಂಗಿಲ್ಲಂದ್ರ ನೀರು ಕಾದದ್ದು ಹೆಂಗ ಗೊತ್ತಾಗಬೇಕು ಅಕ್ಕಾ?"

"ಆವಿ ಕಾಣಂಗಿಲ್ಲೇನು? ಮೊದಲು ಸ್ವಿಚ್ಚು ಆರಿಸು. ಪ್ಲಗ್ ಕೀಳು. ರಾಡು ತಗದು ಆ ಕಡೆ ಇಡು. ಆಮ್ಯಾಲೆ ಬೆರಳು."

"ಅಷ್ಟು ಮಾಡೂದ್ರಾಗ ಮಧ್ಯಾಹ್ನ ಆಗ್ತದ."

"ಆಗಲಿ. ಮಧ್ಯಾಹ್ನಕ್ಕ ನೀ ಇರ್ತಿ."

ಶುಭದಾ ಗೊಣಗುತ್ತಲೇ ಎಲ್ಲವನ್ನೂ ಮಾಡಿದಳು. ಕೊನೆಗೆ ಕಣ್ಣು ಮುಚ್ಚಿ, ಒದೆತಕ್ಕೆ ಭುಜ ಗಟ್ಟಿ ಮಾಡಿಕೊಂಡು, ಬೆರಳು ಅದ್ದಿದಳು. ಒಂದು ಕಣ್ಣು ತೆರೆದಳು. ಆಮೇಲೆ ಮೊಣಕೈವರೆಗೂ ಕೈ ಇಳಿಸಿದಳು.

"ಬರೇ ಬಿಸಿ ಅದ, ಅಕ್ಕಾ."