ಒಳಗೆ ಬಿಟ್ಟ ಒಂದಿಂಚು

ಹೊಳೆನರಸೀಪುರದಲ್ಲಿ ನಮ್ಮ ಬೀದಿಗೆಲ್ಲ ರವಿಕೆ ಹೊಲಿಯುತ್ತಿದ್ದ ಟೈಲರಮ್ಮನಿಗೆ ಹೆಣ್ಣುಮಕ್ಕಳು ತೆಳ್ಳಗಿದ್ದರೆ ಆಗುತ್ತಿರಲಿಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಗುತ್ತಾ, "ಒಳಗೆ ಒಂದಿಂಚು ಬುಟ್ಟಿವ್ನಿ ಕಣವ್ವ, ದಪ್ಪ ಆಗು" ಎನ್ನುತ್ತಿದ್ದರು. ಆ ಹೆಚ್ಚಿನ ಬಟ್ಟೆಯನ್ನು, ರವಿಕೆ ಯಾವ ಬಣ್ಣದ್ದೇ ಇರಲಿ, ಹಸಿರು ದಾರದಲ್ಲೇ ಹೊಲಿಯುತ್ತಿದ್ದರು. ಮುಂದೆ ಬಿಚ್ಚುವಾಗ ಕಣ್ಣಿಗೆ ಕಾಣಲಿ ಅಂತ.

ಸುತ್ತಮುತ್ತಲ ಊರುಗಳ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೊಂದವನ ವಿಚಾರಣೆ ಹಾಸನದ ಕೋರ್ಟಿನಲ್ಲಿ ನಡೆದಾಗ ಟೈಲರಮ್ಮನೂ ಸಾಕ್ಷಿ. ಅವನ ಪೆಟ್ಟಿಗೆಯಲ್ಲಿ ಸಿಕ್ಕ ಕೆಂಪು ರವಿಕೆ, ಅವನು ಕೊಂದ ನಮ್ಮ ಬೀದಿಯ ಹುಡುಗಿಯದೇ ಎಂದು ಹೇಳಬೇಕಿತ್ತು. ಜೊತೆಗೆ ನಾನೂ ಹೋಗಿದ್ದೆ.

"ಇಂಥದ್ದು ಎಲ್ಲ ಅಂಗಡೀಲೂ ಸಿಗುತ್ತಲ್ಲಮ್ಮ" ಎಂದರು ಅವನ ವಕೀಲರು.

ಟೈಲರಮ್ಮ ರವಿಕೆಯ ಒಳಮಗ್ಗುಲು ತಿರುವಿ, "ಕೆಂಪು ಬಟ್ಟೆಗೆ ಅಂಗಡಿಯೋರು ಅಸ್ರು ದಾರ ಆಕ್ತಾರಾ ಸಾ?" ಎಂದು ಎತ್ತಿ ಹಿಡಿದರು. ಆಮೇಲೆ ಕಟಕಟೆಯಲ್ಲಿದ್ದವನ ಕಡೆ ತಿರುಗಿದರು. "ಇನ್ನೂ ಬಿಚ್ಚೇ ಇಲ್ಲ ನೋಡ್ಲಾ. ದಪ್ಪ ಆಗ್ಬೇಕಿತ್ತು ಕಣ್ಲಾ ಆ ಕೂಸು."

ಅವನಿಗೆ ಜೀವಾವಧಿ ಶಿಕ್ಷೆಯಾದ ಸುದ್ದಿ ಬಂದ ದಿನ ನಾನು ನನ್ನ ಮದುವೆಯ ರವಿಕೆಗೆ ಅಳತೆ ಕೊಡುತ್ತಿದ್ದೆ. "ಸಾಯೋಗಂಟ ಅಲ್ಲೇ ಬಿದ್ದಿರ್ಲಿ" ಎಂದಷ್ಟೇ ಹೇಳಿದ ಟೈಲರಮ್ಮ, ಟೇಪು ಕೊರಳಿಗೆ ಹಾಕಿಕೊಂಡು ಬೀದಿಗೆಲ್ಲ ಕೇಳುವಂತೆ ನಕ್ಕರು. "ನಿಂಗೆ ಎರಡಿಂಚು ಬುಡ್ತೀನಿ. ಅವಳ್ದೂ ಸೇರಿಸ್ಕೊಂಡು ದಪ್ಪ ಆಗು."

ಹೋದ ವಾರ ಅಣ್ಣನ ಮಗಳ ಮದುವೆಗೆಂದು ಆ ರವಿಕೆ ತೆಗೆದೆ. ಹಸಿರು ದಾರವನ್ನೆಲ್ಲ ಬಿಚ್ಚಿ, ತೊಟ್ಟು, ಕನ್ನಡಿಯ ಮುಂದೆ ನಿಂತು ಒಬ್ಬಳೇ ಜೋರಾಗಿ ನಕ್ಕೆ. ಎರಡಿಂಚೂ ಸಾಲಲಿಲ್ಲ!