ನೂರ ನಲವತ್ತೊಂದನೆಯ ತಟ್ಟೆ

ದಾಮೋದರ ಐತಾಳರು ಎಂಟು ವರ್ಷಗಳಲ್ಲಿ ನಮ್ಮ ಕನ್ನಡ ಬಳಗದ ಕಪಾಟಿನಿಂದ ಅರವತ್ತಕ್ಕೂ ಹೆಚ್ಚು ಕಾದಂಬರಿ ಓದಿದ್ದರು. ಅವುಗಳಲ್ಲಿ ಒಂದನ್ನಾದರೂ ಕೊನೆ ತಿಳಿಯದೆ ಓದುವ ಯೋಗ ಅವರಿಗೆ ಬಂದಿರಲಿಲ್ಲ. ಇದಕ್ಕೆ ಅರ್ಧ ಕಾರಣ ಅವರ ಹೋಟೆಲು, ಇನ್ನರ್ಧ ನಾನು.

ಕೋಟದ ಕಡೆಯಿಂದ ಬಂದ ಐತಾಳರು ಅಹಮದಾಬಾದಿನ ವಸ್ತ್ರಾಪುರದಲ್ಲಿ ಆರು ಮೇಜಿನ ಹೋಟೆಲು ನಡೆಸುತ್ತಿದ್ದರು. ನಾನು ವಡೋದರಾದಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿ, ನಿವೃತ್ತಿಯ ನಂತರ ಆ ಹೋಟೆಲಿನ ಬೀದಿಯ ಕೊನೆಯಲ್ಲಿ ಮನೆ ಮಾಡಿದ್ದೆ. ಬಳಗದ ಕಪಾಟು ನನ್ನ ಮನೆಯಲ್ಲಿತ್ತು. ಹೊಸ ಪುಸ್ತಕ ಬಂದರೆ ಅದು ಹತ್ತು ಮನೆಗಳನ್ನು ಸುತ್ತಬೇಕು, ಮನೆಗೆ ಹದಿನೈದು ದಿನ. ಕ್ರಮವನ್ನು ಬರೆದವಳು ನಾನು. ಹೋಟೆಲಿಗೆ ಹೋದ ಪುಸ್ತಕ ಸಾಂಬಾರು ಹತ್ತಿಸಿಕೊಂಡೇ ಮರಳುತ್ತದೆ ಎಂಬ ನಂಬಿಕೆಯಿಂದ ಐತಾಳರನ್ನು ಹತ್ತನೆಯವರಾಗಿ ಇಟ್ಟಿದ್ದೆ. ಪರೀಕ್ಷೆ ಮಾಡದೆ ಏನನ್ನೂ ಒಪ್ಪಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಂಡು ಬಂದವಳು ಇದನ್ನು ಮಾತ್ರ ಪರೀಕ್ಷೆ ಮಾಡಿರಲಿಲ್ಲ.

ಮೊದಲ ಒಂಬತ್ತು ಮನೆಯವರೂ ಭಾನುವಾರ ಬೆಳಿಗ್ಗೆ ಅದೇ ಹೋಟೆಲಿನಲ್ಲಿ ಸೇರಿ, ಓದಿದ್ದನ್ನು ದೋಸೆಯ ಜೊತೆ ಅಗಿಯುತ್ತಿದ್ದರು. ಗಲ್ಲಾದಲ್ಲಿ ಕೂತ ಮನುಷ್ಯ ಕಿವಿ ಮುಚ್ಚಿಕೊಳ್ಳುವಂತಿಲ್ಲ. ಮಾತು ಕೊನೆಯ ಅಧ್ಯಾಯಕ್ಕೆ ಬಂತೆಂದರೆ ಐತಾಳರು ಒಳಗೆ ಹೋಗಿ ಗ್ರೈಂಡರ್ ಹಾಕುತ್ತಿದ್ದರು. ಒಂದು ಭಾನುವಾರ ಏಳು ಸಲ ಚಟ್ನಿ ರುಬ್ಬಿದ್ದಕ್ಕೆ ಅವರ ಹೆಂಡತಿ ಕಮಲಾ ಗ್ರೈಂಡರಿನ ವೈರನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡರಂತೆ.

ಎಲ್ಲರಿಗಿಂತ ದೊಡ್ಡ ದನಿ ಶಂಕರನಾರಾಯಣನದು. ಮೈಸೂರಿನವನು, ಬಾಹ್ಯಾಕಾಶ ಸಂಸ್ಥೆಯಲ್ಲಿ ಎಂಜಿನಿಯರು. ಉಪಗ್ರಹ ಕಟ್ಟುವವನಿಗೆ ತನ್ನದೇ ಒಂದು ಪ್ರತಿ ತರಿಸಿಕೊಳ್ಳುವುದು ಎಂದೂ ಹೊಳೆಯಲಿಲ್ಲ. ಪಟ್ಟಿಯಲ್ಲಿ ಅವನು ಒಂಬತ್ತನೆಯವನು. ಪುಸ್ತಕವನ್ನು ಐತಾಳರ ಕೈಗೆ ಕೊಡುವಾಗ, "ಕೊನೇಲಿ ತಮ್ಮನೇ ಕೊಲೆಗಾರ, ಆದ್ರೂ ಓದಿ ಐತಾಳ್ರೆ, ಭಾಷೆ ಚೆನ್ನಾಗಿದೆ" ಎಂದು ಹೇಳಿ ಕೊಡುವಷ್ಟು ಉದಾರಿ.

ತೊಂಬತ್ತೆರಡರಲ್ಲಿ ಒಂದು ಕಾದಂಬರಿಯ ಮೊದಲ ಸಂಪುಟ ಬಂತು. ಮೂರು ಸಂಪುಟದ ವೈಜ್ಞಾನಿಕ ಕಥೆ. ನೂರ ನಲವತ್ತು ಜನ ಒಂದು ನೌಕೆಯಲ್ಲಿ ದೂರದ ನಕ್ಷತ್ರಕ್ಕೆ ಹೊರಡುತ್ತಾರೆ. ಎರಡನೆಯ ಸಂಪುಟದ ಕೊನೆಯಲ್ಲಿ ನೂರ ನಲವತ್ತು ಜನರೂ ಸಭಾಂಗಣದಲ್ಲಿ ಸೇರಿರುವಾಗ, ಯಾರೋ ನೌಕೆಯ ದಿಕ್ಕನ್ನು ಭೂಮಿಯ ಕಡೆಗೆ ತಿರುಗಿಸಿಬಿಡುತ್ತಾರೆ. ಯಾರು? ಲೇಖಕರು ಅಲ್ಲಿಗೆ ನಿಲ್ಲಿಸಿ, ಮೂರನೆಯ ಸಂಪುಟ ತೊಂಬತ್ತೈದರ ದೀಪಾವಳಿಗೆ ಎಂದು ಹಿಂಬದಿಯ ರಟ್ಟಿನಲ್ಲಿ ಅಚ್ಚು ಹಾಕಿಸಿದರು.

ಒಂದು ವರ್ಷ ಭಾನುವಾರಗಳೆಲ್ಲ ಇದಕ್ಕೇ ಹೋದವು. ನೌಕೆಯ ಕಂಪ್ಯೂಟರೇ ತಿರುಗಿಸಿತು ಎಂದು ಶಂಕರನಾರಾಯಣ ಪೇಪರ್ ನ್ಯಾಪ್ಕಿನ್ ಮೇಲೆ ಪಥದ ನಕ್ಷೆ ಬರೆದು ತೋರಿಸುತ್ತಿದ್ದ. ಬ್ಯಾಂಕಿನಲ್ಲಿದ್ದ ಊರ್ಮಿಳಾ, ನಾಯಕಿಯ ತಾಯಿ, ನೌಕೆ ಹೊರಡುವ ಮೊದಲೇ ಸತ್ತವಳು, ಬೇರೆ ರೂಪದಲ್ಲಿ ಬಂದಿದ್ದಾಳೆ ಎನ್ನುತ್ತಿದ್ದಳು. ಅದನ್ನು ವಿಜ್ಞಾನ ಎನ್ನುವುದಿಲ್ಲ ಎಂದು ಅವನು, ವಿಜ್ಞಾನ ಓದುವುದಾದರೆ ಆಫೀಸಿನಲ್ಲೇ ಓದಿಕೋ ಎಂದು ಅವಳು. ಇವನ ನಕ್ಷೆಯಿಂದ ಅವಳು ಕೈ ಒರೆಸಿಕೊಂಡ ದಿನ ಮಾತು ಬಿಟ್ಟು, ಮರುವಾರ ಮತ್ತೆ ಶುರು ಮಾಡಿದರು.

ಐತಾಳರು ಒಂದೇ ಸಲ ಬಾಯಿ ಹಾಕಿದರು. ಮೊದಲ ಸಂಪುಟದ ಅಡುಗೆಮನೆಯ ಅಧ್ಯಾಯದಲ್ಲಿ, ಊಟ ಮುಗಿದ ಮೇಲೆ ತೊಳೆದಿಟ್ಟ ತಟ್ಟೆಗಳು ನೂರ ನಲವತ್ತೊಂದು ಎಂದಿದೆ. ನೂರ ನಲವತ್ತು ಜನಕ್ಕೆ ನೂರ ನಲವತ್ತೊಂದು ಎಂಜಲು ತಟ್ಟೆ ಹೇಗೆ? ಕದ್ದು ಹತ್ತಿದವನೊಬ್ಬ ನೌಕೆಯಲ್ಲಿದ್ದಾನೆ, ದಿಕ್ಕು ತಿರುಗಿಸಿದವನು ಅವನೇ. ಆ ಅಧ್ಯಾಯವನ್ನು ಉಳಿದವರೆಲ್ಲ ಹಾರಿಸಿ ಓದಿದ್ದರು. ಶಂಕರನಾರಾಯಣ ನಕ್ಕ. "ಐತಾಳ್ರೆ, ಅದು ಅಂತರಿಕ್ಷ ನೌಕೆ, ಮದುವೆ ಮನೆ ಪಂಕ್ತಿ ಅಲ್ಲ" ಎಂದ.

ದೀಪಾವಳಿಗೆ ಪುಸ್ತಕ ಬರಲಿಲ್ಲ. ಫೆಬ್ರವರಿಗೆ ಎಂದು ಪ್ರಕಾಶಕರ ಕಾರ್ಡು ಬಂತು. ಜನವರಿಯ ಒಂದು ಮಧ್ಯಾಹ್ನ ಐತಾಳರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಮನೆಗೆ ಬಂದರು. ಕುರ್ಚಿಯ ಅಂಚಿನಲ್ಲಿ ಕೂತರು.

"ಮೇಡಂ, ಒಂದು ಕೇಳಲಿಕ್ಕುಂಟು. ಇದೊಂದು ಪುಸ್ತಕ ನನಗೆ ಮೊದಲು ಕೊಡಿ. ಕೊನೆ ಗೊತ್ತಿಲ್ಲದೆ ಓದುವುದು ಹೇಗಿರ್ತದೆ ಅಂತ ನನಗೆ ಗೊತ್ತಿಲ್ಲ."

ನಿಯಮ ನಿಯಮವೇ ಎಂದೆ. ಸಾಂಬಾರಿನ ಮಾತನ್ನೂ ಎತ್ತಿ, ಎರಡನೆಯ ಸಂಪುಟದ ಎಂಬತ್ತೆಂಟನೆಯ ಪುಟದಲ್ಲಿ ಅಂಗೈ ಅಗಲದ ಕಲೆ ಇರುವುದನ್ನು ಜ್ಞಾಪಿಸಿದೆ. ಅವರು ವಾದಿಸಲಿಲ್ಲ. ಪುಸ್ತಕದ ಹಿಂದೆ ಚೀಟಿ ಇದೆ, ನೋಡಿ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ಮದುವೆಯ ಅಡುಗೆಗೆ ಪಾತ್ರೆ ಬಾಡಿಗೆ ತರುವಾಗ ಐತಾಳರಿಗೆ ಒಂದು ಪದ್ಧತಿಯಿತ್ತು. ಯಾವ ಕೊಪ್ಪರಿಗೆ ಎಲ್ಲಿ ತಗ್ಗಿದೆ, ಯಾವ ಸೌಟಿನ ಹಿಡಿ ಸಡಿಲ ಎಂದು ಮೊದಲೇ ಬರೆದಿಡುವುದು, ಮರಳಿಸುವಾಗ ತಗಾದೆ ಬರಬಾರದೆಂದು. ಪುಸ್ತಕಗಳಿಗೂ ಅದನ್ನೇ ಮಾಡಿದ್ದರು. ಕಪಾಟಿನ ಪ್ರತಿ ಕಾದಂಬರಿಯ ಹಿಂಬದಿಯ ರಟ್ಟಿನ ಒಳಗೆ ಅವರ ಬರಹದ ಚೀಟಿಯಿತ್ತು. ಪುಟ ಹನ್ನೆರಡು, ಚಹಾ. ಪುಟ ನೂರಾ ಮೂರು, ತಲೆಗೆ ಹಚ್ಚುವ ಎಣ್ಣೆ. ಪುಟ ಇನ್ನೂರು, ಮಗುವಿನ ಬಳಪ. ಕೆಳಗೆ, 'ಇವೆಲ್ಲ ನನ್ನ ಕೈಗೆ ಬರುವ ಮೊದಲೇ ಇದ್ದವು.' ಅವರ ನಂತರ ಓದುವವರಿಲ್ಲವಾದ್ದರಿಂದ ಎಂಟು ವರ್ಷ ಯಾರೂ ಅದನ್ನು ಕಂಡಿರಲಿಲ್ಲ. ಒಂದು ಚೀಟಿಯಲ್ಲಿ 'ಪುಟ ಅರವತ್ತೊಂದು, ಕಾಫಿ, ಡಿಕಾಕ್ಷನ್ ಒಳ್ಳೆಯದು' ಎಂದಿತ್ತು. ಆ ಕಾಫಿ ನನ್ನದು.

ಎರಡನೆಯ ಸಂಪುಟದ ಚೀಟಿಯಲ್ಲಿ, ಪುಟ ಎಂಬತ್ತೆಂಟು, ಛುಂದೊ ಎಂದಿತ್ತು. ಇಲ್ಲಿಯವರು ಬೇಸಿಗೆಯಲ್ಲಿ ತುರಿದ ಮಾವಿನಕಾಯಿಗೆ ಸಕ್ಕರೆ ಬೆರೆಸಿ ಬಿಸಿಲಿಗಿಟ್ಟು ಮಾಡುವ ಸಿಹಿ ಉಪ್ಪಿನಕಾಯಿ ಅದು. ಭೂತಗನ್ನಡಿ ಹಿಡಿದು ನೋಡಿದೆ. ಒಣಗಿದ ಪಾಕ, ಮಾವಿನ ಎಳೆ, ಎರಡು ಜೀರಿಗೆ. ಯಾವ ಸಾಂಬಾರೂ ಹಾಗಿರುವುದಿಲ್ಲ.

ಛುಂದೊ ಇಲ್ಲದೆ ಶಂಕರನಾರಾಯಣನ ಮನೆಯಲ್ಲಿ ಚಪಾತಿ ಇಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಪುಸ್ತಕ ಹಿಡಿದು ಹೋದೆ. ಅವನು ಕಲೆಯನ್ನು ದೀಪಕ್ಕೆ ಹಿಡಿದು ನೋಡಿ, ಇದು ನಮ್ಮ ಮನೆಯದಲ್ಲ, ನಾವು ಜೀರಿಗೆ ಹಾಕುವುದಿಲ್ಲ ಎಂದ. ಅವನ ಹೆಂಡತಿ ಸಾವಿತ್ರಿ ಒಳಗಿನಿಂದಲೇ "ಹಾಕ್ತೀವಲ್ಲ ರೀ" ಎಂದಳು.

ಆ ಸಂಜೆ ಹೊಸ ಪಟ್ಟಿ ಬರೆದೆ. ಐತಾಳರು ಒಂದು, ನಾನು ಎರಡು, ಶಂಕರನಾರಾಯಣ ಹತ್ತು.

ಫೆಬ್ರವರಿಯಲ್ಲಿ ಪುಸ್ತಕ ಬಂತು. ಐತಾಳರು ಅದಕ್ಕೆ ಖಾಕಿ ಹೊದಿಕೆ ಹಾಕಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕೈ ಸೋಪಿನಲ್ಲಿ ತೊಳೆದು ಓದಿದರು. ಹನ್ನೊಂದನೆಯ ದಿನ ಶಟರನ್ನು ಅರ್ಧ ಎಳೆದು ಮುಗಿಸಿದರು. ಶಟರ್ ಮೇಲೆತ್ತಿದಾಗ ಹೊರಗೆ ಶಂಕರನಾರಾಯಣ ನಿಂತಿದ್ದ. ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದನಂತೆ. ಒಳಗೆ ಬಂದು ಬೇಡದ ಉಪ್ಪಿಟ್ಟು, ಬೇಡದ ವಡೆ ತರಿಸಿಕೊಂಡು, ಕೊನೆ ಏನು, ಒಂದೇ ಮಾತಿನಲ್ಲಿ ಹೇಳಿ ಎಂದು ಗೋಗರೆದ. ಐತಾಳರು ಬಹಳ ಹೊತ್ತು ಮೇಜು ಒರೆಸಿದರು. ಆಮೇಲೆ ಹೇಳಿದರು. ನೂರ ನಲವತ್ತೊಂದನೆಯವನೊಬ್ಬ ಇದ್ದ, ಉಗ್ರಾಣದ ಅಕ್ಕಿ ಚೀಲಗಳ ಹಿಂದೆ. ತಿರುಗಿಸಿದ್ದು ಅವನೇ.

ಭಾನುವಾರದ ಹೊತ್ತಿಗೆ ಹತ್ತೂ ಮನೆಗೆ ಸುದ್ದಿ ಮುಟ್ಟಿತ್ತು. ಐತಾಳರ ಊಹೆಯೇ ಸರಿಯಾಯಿತಲ್ಲ ಎಂದು ನನಗೂ ಕುತೂಹಲವಾಯಿತು. ಪುಸ್ತಕ ತಂದು ಓದಿದೆ. ಮುನ್ನೂರ ತೊಂಬತ್ತೇಳನೆಯ ಪುಟದಲ್ಲಿ ಬಯಲಾಗುತ್ತದೆ: ದಿಕ್ಕು ತಿರುಗಿಸಿದ್ದು ಕಂಪ್ಯೂಟರು. ಶಂಕರನಾರಾಯಣ ಮೊದಲಿನಿಂದ ಹೇಳುತ್ತ ಬಂದದ್ದೇ. ನೂರ ನಲವತ್ತೊಂದನೆಯ ತಟ್ಟೆಯ ಸುದ್ದಿಯೇ ಇಲ್ಲ.

ಹೋಟೆಲಿಗೆ ಹೋಗಿ, ಸುಳ್ಳು ಹೇಳಿದ್ದೇಕೆ ಎಂದು ಕೇಳಿದೆ.

"ಏನೂ ಹೇಳದಿದ್ದರೆ ಬಿಡುವ ಜನವಾ ಮೇಡಂ? ನಾನು ಅವರಿಗೆ ಕೊನೆ ಹೇಳಲಿಲ್ಲ. ನನ್ನ ಕೊನೆ ಹೇಳಿದೆ. ಪುಸ್ತಕದ್ದು ಹಾಗೇ ಉಂಟು."

ನಿಮ್ಮ ಊಹೆ ತಪ್ಪಾಯಿತೆಂದು ಬೇಸರವಾಗಲಿಲ್ಲವೇ ಎಂದೆ. ತಪ್ಪಾದದ್ದರಿಂದಲೇ ಕೊನೆಯವರೆಗೂ ಏನೂ ಗೊತ್ತಾಗಲಿಲ್ಲ, ಸರಿಯಾಗಿದ್ದರೆ ಈ ಸಲವೂ ಕೆಡುತ್ತಿತ್ತು ಎಂದರು. ತರ್ಕದಲ್ಲಿ ದೋಷ ಕಾಣಲಿಲ್ಲ. ಮನೆಗೆ ಬಂದೆ.

ನನ್ನ ನಂತರ ಪುಸ್ತಕ ಊರ್ಮಿಳಾಗೆ ಹೋಯಿತು. ಮುಗಿಸಿದ ದಿನ ಅವಳು ನನ್ನ ಮುಖ ನೋಡಿದಳು, ನಾನು ಅವಳದ್ದು ನೋಡಿದೆ, ಇಬ್ಬರೂ ಏನೂ ಹೇಳಲಿಲ್ಲ. ಮುಂದಿನ ಮನೆಗಳಲ್ಲೂ ಅಷ್ಟೇ ಆಯಿತು. ತಾನು ಮೋಸಹೋದ ಮೇಲೆ ಮುಂದಿನವನೂ ಹೋಗಲಿ ಎಂದು ತೆಪ್ಪಗಿರುವುದು ವಿದ್ಯಾವಂತರಿಗೆ ಸುಲಭವಾಗಿ ಬರುವ ಗುಣ.

ಶಂಕರನಾರಾಯಣನಿಗೆ ಮಾತ್ರ ತನ್ನ ಸೋಲನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಹಂಬಲ ಬಂತು. ಯುಗಾದಿಯ ಕೂಟದಲ್ಲಿ ಎದ್ದು ನಿಂತು, ಯಂತ್ರವನ್ನು ನಂಬಿದ ತಾನು ತಪ್ಪಿದೆ, ತಟ್ಟೆ ಎಣಿಸಿದ ಐತಾಳರು ಗೆದ್ದರು ಎಂದು ಇಪ್ಪತ್ತು ನಿಮಿಷ ಮಾತಾಡಿದ. ಅಷ್ಟರಲ್ಲಿ ಪುಸ್ತಕ ಓದಿ ಮುಗಿಸಿದ್ದ ನಾವು ಚಪ್ಪಾಳೆ ತಟ್ಟಿದೆವು. ಐತಾಳರು ಹೋಳಿಗೆ ಬಡಿಸುವ ನೆಪದಲ್ಲಿ ಹೊರಗೆ ಹೋದರು.

ಜುಲೈನಲ್ಲಿ ಅವನ ಸರದಿ ಬಂತು. ಒಂದು ಭಾನುವಾರ ಬೆಳಿಗ್ಗೆ ಹೋಟೆಲು ಪೂರ್ತಿ ತುಂಬಿದ್ದಾಗ ಪುಸ್ತಕವನ್ನು ಗಲ್ಲಾದ ಮೇಲೆ ಇಟ್ಟು ನಿಂತ. ತನ್ನ ಮಾತೇ ನಿಜವಾಗಿತ್ತು, ಐದು ತಿಂಗಳು ತನ್ನನ್ನು ಮಂಗ ಮಾಡಿದಿರಿ, ಭಾಷಣ ಬೇರೆ ಮಾಡಿಸಿದಿರಿ ಎಂದ. ಎಲ್ಲರೂ ತಟ್ಟೆಗಳತ್ತ ತಲೆ ಬಗ್ಗಿಸಿದರು.

ಐತಾಳರು ಚಿಲ್ಲರೆ ಡಬ್ಬಿ ಮುಚ್ಚಿದರು. "ಕೊನೆ ಗೊತ್ತಿಲ್ಲದೆ ಓದಿದಿರಲ್ಲ. ಹೇಗಿತ್ತು?"

ಶಂಕರನಾರಾಯಣ ಕುರ್ಚಿ ಎಳೆದು ಕೂತ. ಒಂದು ಮಸಾಲೆ ದೋಸೆ ಹೇಳಿ, ಅದು ಬರುವಷ್ಟರಲ್ಲಿ ಕೇಳಿದ: "ಅಲ್ಲಾ ಐತಾಳ್ರೆ, ಹಾಗಾದ್ರೆ ಆ ತಟ್ಟೆ ಏನಾಯ್ತು?"

ಮುಂದಿನ ಒಂದು ತಿಂಗಳು ಭಾನುವಾರಗಳು ಅದಕ್ಕೇ ಹೋದವು.

ಪುಸ್ತಕವನ್ನು ಕಪಾಟಿಗೆ ಸೇರಿಸುವ ಮೊದಲು ಹಿಂಬದಿಯ ರಟ್ಟು ಬಿಡಿಸಿ ನೋಡಿದೆ. ಐತಾಳರ ಚೀಟಿಯಲ್ಲಿ, ಮೊದಲಿನಿಂದ ಕೊನೆಯವರೆಗೆ ಕಲೆ ಇಲ್ಲ ಎಂದಿತ್ತು. ಅದರ ಕೆಳಗೆ ಎಂಜಿನಿಯರನ ಅಚ್ಚುಕಟ್ಟಾದ ಅಕ್ಷರದಲ್ಲಿ ಇನ್ನೊಂದು ಸಾಲು: 'ಪುಟ ಮುನ್ನೂರ ತೊಂಬತ್ತೇಳು, ಛುಂದೊ. ಕೈ ಜಾರಿತು. ಜೀರಿಗೆ ಹಾಕಿದ್ದೇ.'